ಜೊತೆಗೆ ಬಂದವರ ಕುರ್ಚಿ

ಪರದೆಯ ಮೇಲೆ ಒಂದು ಬೂದು ಚುಕ್ಕೆ. ಅದು ಎಡದಿಂದ ಬಲಕ್ಕೆ ತೆವಳುತ್ತದೆ, ಬಲದಿಂದ ಎಡಕ್ಕೆ ತೆವಳುತ್ತದೆ, ನಡುವೆ ಯಾವಾಗಲೋ ಒಮ್ಮೆ ಚೂರೇ ಚೂರು ನೀಲಿಯಾಗುತ್ತದೆ. ನೀಲಿಯಾದಾಗ ಗುಂಡಿ ಒತ್ತಬೇಕು. ಇಷ್ಟೇ ಕೆಲಸ. ಇದಕ್ಕಿಂತ ಬೇಸರದ ಕೆಲಸವನ್ನು ಮನುಷ್ಯ ಇನ್ನೂ ಕಂಡುಹಿಡಿದಿಲ್ಲ. ಬೇಸರ ಬರಲಿ ಎಂದೇ ಇದನ್ನು ಕಂಡುಹಿಡಿದದ್ದು.

ಇಂಚರ ಬಹಳ ಹೊತ್ತಿನಿಂದ ಆ ಚುಕ್ಕೆಯನ್ನು ನೋಡುತ್ತ ಕೂತಿದ್ದಳು. ತಲೆಗೆ ಈಜುವವರ ಟೋಪಿಯಂಥ ತೆಳ್ಳನೆಯ ಜಾಲರಿ, ಮಣಿಕಟ್ಟಿಗೊಂದು ಪಟ್ಟಿ, ಕಣ್ಣಿನ ಪಾಪೆ ಹಿಗ್ಗುವುದನ್ನೂ ಕುಗ್ಗುವುದನ್ನೂ ಅಳೆಯುವ ಪುಟ್ಟ ಕ್ಯಾಮೆರಾ. ಕೋಣೆಯಲ್ಲಿ ಮಬ್ಬು ಬೆಳಕು. ಅವಳ ಬಲಕ್ಕೆ ಎರಡು ಮಾರು ದೂರದಲ್ಲಿ ಇನ್ನೊಂದು ಕುರ್ಚಿ. ಅದರಲ್ಲಿ ಅವಳ ಗಂಡ ಓಂಕಾರ ಅವಳ ಕೈಚೀಲ, ನೀರಿನ ಬಾಟಲಿ ಎರಡನ್ನೂ ತೊಡೆಯ ಮೇಲಿಟ್ಟುಕೊಂಡು ಒಂದಿಷ್ಟೂ ಸದ್ದು ಮಾಡದೆ ಕೂತಿದ್ದ.

ಧಾರವಾಡದ ಈ ಕೇಂದ್ರದಲ್ಲಿ ಹುಟ್ಟಿ ಹನ್ನೊಂದು ವರ್ಷದಲ್ಲಿ ದೇಶವನ್ನೆಲ್ಲ ಸುತ್ತಿದ ಯಂತ್ರ ಅದು. ಕಾಗದದಲ್ಲಿ ಅದಕ್ಕೆ ಮೊಳದುದ್ದದ ಹೆಸರಿದೆ. ಜನರ ಬಾಯಲ್ಲಿ ಮಾತ್ರ ಬರೀ 'ಕವಲು'. ಅದು ಬಿಡಿಸಿದ್ದು ಹಳೆಯದೊಂದು ಕಗ್ಗಂಟನ್ನು. ವಯಸ್ಸಿಗೆ ಬಂದವರೊಬ್ಬರು ಡಾಕ್ಟರರ ಮುಂದೆ ಕೂತು, ಯಾವುದರಲ್ಲೂ ಮನಸ್ಸು ನಿಲ್ಲುವುದಿಲ್ಲ, ಹಿಡಿದ ಕೆಲಸ ಮುಗಿಯುವುದಿಲ್ಲ, ಕೂತಲ್ಲಿ ಕೂರಲಾಗುವುದಿಲ್ಲ, ನಿದ್ದೆಯಿಲ್ಲ ಎನ್ನುತ್ತಾರೆ. ಇದು ಎಡಿಎಚ್‌ಡಿಯೋ, ಅಂದರೆ ಹುಟ್ಟಿನಿಂದಲೇ ಗಮನದ ಲಗಾಮು ಸಡಿಲವಾಗಿರುವ ಮಿದುಳೋ? ಅಥವಾ ಆತಂಕವೋ? ಹೊರಗಿನಿಂದ ಎರಡೂ ಒಂದೇ ಥರ. ಒಂದಕ್ಕೆ ಕೊಡುವ ಮಾತ್ರೆ ಇನ್ನೊಂದನ್ನು ಕೆರಳಿಸಿಬಿಡಬಹುದು. ಹಿಂದಿನ ಡಾಕ್ಟರರು ಇದನ್ನು ತಿಂಗಳುಗಟ್ಟಲೆ ಮಾತಾಡಿಸಿ ಪತ್ತೆ ಮಾಡುತ್ತಿದ್ದರು, ಎಷ್ಟೋ ಸಲ ತಪ್ಪುತ್ತಿದ್ದರು.

ಈ ಯಂತ್ರ ಕಟ್ಟಿದ ಡಾ. ಭರತೇಶ ಉಪಾಧ್ಯೆಯವರಿಗೆ ಹೊಳೆದದ್ದು ಸರಳವಾದ ಮಾತು. ಎರಡರಲ್ಲೂ ಮನಸ್ಸು ಕೆಲಸ ಬಿಟ್ಟು ಹೋಗುತ್ತದೆ, ನಿಜ. ಆದರೆ ಹೋಗುವುದು ಎಲ್ಲಿಗೆ? ಎಡಿಎಚ್‌ಡಿಯ ಮನಸ್ಸು ಹೋದಷ್ಟು ಸಲವೂ ಬೇರೆ ಬೇರೆ ಕಡೆಗೆ ಹೋಗುತ್ತದೆ. ಆತಂಕದ ಮನಸ್ಸು ಹೋದಷ್ಟು ಸಲವೂ ಒಂದೇ ಕಡೆಗೆ ಹೋಗುತ್ತದೆ, ನೋಯುವ ಹಲ್ಲಿಗೆ ನಾಲಗೆ ಹೋಗುವ ಹಾಗೆ. ಗಮನ ತಪ್ಪಿದ ಪ್ರತಿ ಕ್ಷಣದಲ್ಲೂ ಮಿದುಳಿನ ಅಲೆ, ನಾಡಿ, ಪಾಪೆ ಮೂರೂ ಸೇರಿ ಒಂದು ಗುರುತು ಬಿಡುತ್ತವೆ. ಯಂತ್ರ ಆ ಗುರುತುಗಳನ್ನು ಒಂದರ ಪಕ್ಕ ಒಂದಿಟ್ಟು ಹೋಲಿಸುತ್ತದೆ. ಗುರುತುಗಳು ಬೇರೆಬೇರೆಯಾದರೆ ಒಂದು ಕವಲು, ಒಂದೇ ಆದರೆ ಇನ್ನೊಂದು. ಮನಸ್ಸು ಹೋದ ಜಾಗ ಯಾವುದು ಎಂಬುದು ಮಾತ್ರ ಯಂತ್ರಕ್ಕೆ ತಿಳಿಯುವುದಿಲ್ಲ. ಬೇಕೆಂದೇ ತಿಳಿಯದ ಹಾಗೆ ಮಾಡಿದ್ದರು. "ಮನುಷ್ಯನ ಒಳಗ ಇಣುಕೋ ಯಂತ್ರ ನಂದಲ್ಲ" ಎಂದು ಉಪಾಧ್ಯೆಯವರು ಭಾಷಣಗಳಲ್ಲಿ ಹೇಳುವಾಗ ಚಪ್ಪಾಳೆ ಬೀಳುತ್ತಿತ್ತು.

ಜನ ಎರಡಕ್ಕೂ ತಮ್ಮದೇ ಹೆಸರು ಕೊಟ್ಟುಕೊಂಡರು, ಎಡಿಎಚ್‌ಡಿಗೆ ಹಾರುಗವಲು, ಆತಂಕಕ್ಕೆ ಅಂಜುಗವಲು. ಹೆಣ್ಣು ನೋಡಲು ಬಂದವರು ಚಹಾ ಕುಡಿಯುತ್ತ "ನಮ್ಮ ಹುಡುಗ ಹಾರು ಇದ್ದಾನ್ರಿ, ದಿನಾ ಒಂದು ಗುಳಿಗಿ ತೊಗೋತಾನ, ಮತ್ತೇನೂ ಇಲ್ಲ" ಎಂದು ರಾಜಾರೋಷವಾಗಿ ಹೇಳುವ ಕಾಲ ಬಂತು. ಅಂಜುವಿನ ಬಗ್ಗೆ ಯಾರೂ ಹಾಗೆ ಹೇಳುತ್ತಿರಲಿಲ್ಲ. ಕಚೇರಿಗಳಂತೂ ಕವಲಿನ ಮಾತನ್ನು ಕಣ್ಣಿಗೊತ್ತಿಕೊಂಡವು. ಇಂಚರಳನ್ನು ಇಲ್ಲಿಗೆ ಕಳಿಸಿದ್ದೂ ಅವಳ ಕಚೇರಿಯೇ.

ಅವಳು ಹುಬ್ಬಳ್ಳಿಯ ಆಂಬ್ಯುಲೆನ್ಸ್ ಕಂಟ್ರೋಲ್ ರೂಮಿನಲ್ಲಿ ಫೋನು ತೆಗೆದುಕೊಳ್ಳುವವಳು. ಎರಡು ಸಾವಿರದ ಅರವತ್ತೊಂದರಲ್ಲೂ ಆ ಕೆಲಸಕ್ಕೆ ಮನುಷ್ಯರೇ ಬೇಕಾಗಿದ್ದರು, ಏಕೆಂದರೆ ಅಳುತ್ತಿರುವವರು ಯಂತ್ರದ ಮಾತು ಕೇಳುವುದಿಲ್ಲ. ನಾಲ್ಕು ಕಡೆಯಿಂದ ಒಟ್ಟಿಗೇ ಫೋನು ಬಂದು ಉಳಿದವರು ತಬ್ಬಿಬ್ಬಾಗುವಾಗ ಇಂಚರಳ ತಲೆಯೊಳಗಿನ ಸಂತೆ ಥಟ್ಟನೆ ನಿಂತುಹೋಗುತ್ತಿತ್ತು. ಜಗತ್ತಿನಲ್ಲಿ ಅದೊಂದೇ ಜಾಗದಲ್ಲಿ ಅವಳಿಗೆ ತಾನು ಸರಿಯಿದ್ದೇನೆ ಎನ್ನಿಸುತ್ತಿತ್ತು. ತೊಂದರೆ ಬರುತ್ತಿದ್ದದ್ದು ಆಮೇಲೆ. ಫೋನು ಮುಗಿದ ಮೇಲೆ 'ಕರೆ ಮುಗಿಯಿತು' ಎಂಬ ಗುಂಡಿ ಒತ್ತುವುದು ಮರೆಯುತ್ತಿತ್ತು. ಒಂದು ದಿನ ಹಾಗೆ ಮರೆತದ್ದರಿಂದ, ಖಾಲಿಯಿದ್ದ ಗಾಡಿಯೊಂದು ಇಡೀ ಮಧ್ಯಾಹ್ನ ಕೆಲಸದಲ್ಲಿದೆ ಎಂದು ಪರದೆಯಲ್ಲಿ ಕಾಣುತ್ತ ನಿಂತಿತು. ಪುಣ್ಯಕ್ಕೆ ಯಾರ ಜೀವಕ್ಕೂ ಸಂಚಕಾರ ಬರಲಿಲ್ಲ. ಆದರೆ ಮೇಲಿನವರು ಕವಲಿನ ವರದಿ ಕೇಳಿದರು. ಹಾರು ಎಂದು ಬಂದರೆ ಮಾತ್ರೆ, ಜೊತೆಗೊಬ್ಬ ಸಹಾಯಕಿ, ಅದೇ ಕುರ್ಚಿ. ಅಂಜು ಎಂದು ಬಂದರೆ ತುರ್ತು ಫೋನಿನ ಹತ್ತಿರವೂ ಸುಳಿಯುವಂತಿಲ್ಲ.

ಪರೀಕ್ಷೆಗೆ ಮೊದಲು ಉಪಾಧ್ಯೆಯವರೇ ಅವಳ ಪೂರ್ವಚರಿತ್ರೆ ಕೇಳಿದ್ದರು.

"ಸಣ್ಣವರಿದ್ದಾಗ ಸಾಮಾನು ಕಳಕೊಳ್ತಿದ್ರೇನ್ರಿ?"

"ಏ, ಭಾಳ ಸರ್," ಓಂಕಾರ ನಕ್ಕ. "ಇವತ್ತಿಗೂ ಕಳೀತಾಳ. ನಾನ ಹುಡುಕಿ ಕೊಡಬೇಕು."

"ನಿದ್ದಿ ಹೆಂಗದ?"

"ಬಾಗಲಾ ಹಾಕೇನೋ ಇಲ್ಲೋ ಅಂತ ಎದ್ದೆದ್ದು ನೋಡ್ತಾಳ್ರಿ. ನಾ ಹಾಕಿರ್ತೀನಿ, ಆದ್ರೂ ನೋಡ್ತಾಳ."

"ಕೆಲಸದಾಗ ಅಂಜಿಕಿ ಅನ್ನಸ್ತದೇನು?"

ಇಂಚರ ಬಾಯಿ ತೆರೆದಳು. "ಅನ್ನಸ್ತದ್ರಿ," ಎಂದ ಓಂಕಾರ. "ಮನಿಗೆ ಬಂದಾಗ ಈಕಿ ಮಾರಿ ನೋಡಿದ್ರ ಗೊತ್ತಾಗ್ತದ."

ಉಪಾಧ್ಯೆಯವರು ಎಲ್ಲವನ್ನೂ ಬರೆದುಕೊಂಡರು.

ಓಂಕಾರನನ್ನು ಕೆಟ್ಟವನೆಂದು ಬಗೆಯಬೇಡಿ. ಶಾಲೆಯಲ್ಲಿ ವಿಜ್ಞಾನ ಕಲಿಸುವ ಮಾಸ್ತರ, ಒಂದು ದಿನವೂ ದನಿ ಎತ್ತಿದವನಲ್ಲ. ಮನೆಯ ಬಾಗಿಲ ಪಕ್ಕ ತಾನೇ ಒಂದು ಹಲಗೆ ಹೊಡೆದು, ಅದಕ್ಕೆ ಕೊಕ್ಕೆ ಹಾಕಿ, ಕೀಲಿ, ಕನ್ನಡಕ, ಆಫೀಸಿನ ಕಾರ್ಡು ಎಂದು ಪ್ರತಿಯೊಂದರ ಮೇಲೂ ದುಂಡಗೆ ಬರೆದಿದ್ದ. ಸಂಜೆ ಬಂದು ಕೊಕ್ಕೆಗಳನ್ನು ನೋಡುತ್ತಿದ್ದ. ಖಾಲಿ ಇದ್ದರೆ ಏನೂ ಅನ್ನದೆ, ಹಾಸಿಗೆಯ ಕೆಳಗೋ ಫ್ರಿಜ್ಜಿನೊಳಗೋ ಹುಡುಕಿ ತಂದು ಸಿಗಿಸಿ, ಅವಳತ್ತ ತಿರುಗಿ ಸಣ್ಣಗೆ ನಗುತ್ತಿದ್ದ. ಇಂಥ ಗಂಡ ಸಿಗಬೇಕಾದರೆ ಪುಣ್ಯ ಮಾಡಿರಬೇಕು ಎಂದು ಓಣಿಯೆಲ್ಲ ಹೇಳುತ್ತಿತ್ತು. ಇಂಚರಳೂ ಹೇಳುತ್ತಿದ್ದಳು.

ಚುಕ್ಕೆ ನಿಂತಿತು. ದೀಪ ಹತ್ತಿತು. ಉಪಾಧ್ಯೆಯವರು ಫಲಿತಾಂಶ ಓದಿದರು. "ಅಂಜುಗವಲು. ನೂರಕ್ಕ ತೊಂಬತ್ತೊಂದರಷ್ಟು ಖಾತ್ರಿ."

"ಇಲ್ರಿ ಸರ್," ಎಂದಳು ಇಂಚರ. "ಫೋನ್ ಬಂದಾಗ ನಾ ಅಂಜೂದಿಲ್ರಿ. ಎಲ್ಲಾರೂ ಗಾಬರಿ ಆದಾಗ ನನಗ ಸಮಾಧಾನ ಆಗ್ತದ."

"ಯಂತ್ರ ನಿಮ್ಮ ಧೈರ್ಯ ಅಳ್ಯೂದಿಲ್ರಿ. ಮನಸ್ಸು ಬಿಟ್ಟು ಹೋದಾಗೆಲ್ಲಾ ಒಂದ ಕಡೆ ಹೋಗ್ಯದ. ಅಷ್ಟ ಅದಕ್ಕ ಗೊತ್ತು."

"ಎಲ್ಲಿ ಹೋಗ್ಯದ್ರಿ?"

"ಅದು ನಿಮಗ ಗೊತ್ತಿರಬೇಕು."

ಓಂಕಾರ ಅವಳ ಹೆಗಲ ಮೇಲೆ ಕೈಯಿಟ್ಟ. "ಚಿಂತಿ ಮಾಡಬ್ಯಾಡ. ನಾ ಇದ್ದೀನಲ್ಲ," ಎಂದ.

ಬೇಕಾದವರಿಗೆ ಎರಡು ವಾರ ಬಿಟ್ಟು ಮತ್ತೊಂದು ಪರೀಕ್ಷೆಗೆ ಅವಕಾಶವಿತ್ತು. ಇಂಚರ ಹಟ ಹಿಡಿದು ಬಂದಳು. ಜಾಲರಿ ತೊಡಿಸುವವರು ಸಾನ್ವಿಬಾಯಿ, ನಿವೃತ್ತಿಗೆ ಹತ್ತಿರವಾದ ದಪ್ಪ ಹೆಂಗಸು. (ನಗಬೇಡಿ, ಆ ಕಾಲಕ್ಕೆ ಸಾನ್ವಿ ಎಂಬುದು ಮೊಮ್ಮಕ್ಕಳಿರುವವರ ಹೆಸರಾಗಿತ್ತು.) ತೊಡಿಸುವಾಗ ತಿಳಿಯಿತು, ಇಂಚರಳ ಕನ್ನಡಕವೇ ಇಲ್ಲ. ಸ್ಕೂಟರಿನ ಡಿಕ್ಕಿಯಲ್ಲಿ ಉಳಿದಿತ್ತು. ಓಂಕಾರ ಎಂದಿನಂತೆ ಸಣ್ಣಗೆ ನಕ್ಕು ತರಲು ಹೋದ. ಗಾಡಿ ನಿಲ್ಲಿಸುವ ಜಾಗ ಗೇಟಿನಾಚೆ ದೂರದಲ್ಲಿತ್ತು. ಹೊರಗೆ ಕಾಯುವವರ ಪಾಳಿ ಬೆಳೆದಿತ್ತು. "ಚುಕ್ಕಿ ದೊಡ್ಡದು ಮಾಡಿ ಕೊಡ್ತೀನವಾ, ಚಾಲೂ ಮಾಡೂಣು," ಎಂದು ಸಾನ್ವಿಬಾಯಿ ಗುಂಡಿ ಒತ್ತಿಬಿಟ್ಟರು. ಓಂಕಾರ ಸ್ವಲ್ಪ ಹೊತ್ತಿಗೆ ಬಾಗಿಲು ಮೆಲ್ಲಗೆ ತೆರೆದು ಒಳಬಂದು ತನ್ನ ಕುರ್ಚಿಯಲ್ಲಿ ಕೂತ.

ಒಟ್ಟು ಫಲ ಈ ಸಲವೂ ಅಂಜು ಎಂದೇ ಬಂತು.

ಮೂರು ದಿನದ ನಂತರ ಉಪಾಧ್ಯೆಯವರು ಯಾರಿಗೂ ಹೇಳದೆ ಹುಬ್ಬಳ್ಳಿಯ ಕಂಟ್ರೋಲ್ ರೂಮಿಗೆ ಬಂದು ಅವಳ ಬೆನ್ನ ಹಿಂದೆ ನಿಂತಿದ್ದರು. ವರದಿ ಇನ್ನೂ ಮೇಲಿನವರ ಕೈ ಸೇರದ್ದರಿಂದ ಅವಳು ಕುರ್ಚಿಯಲ್ಲೇ ಇದ್ದಳು. ಕಿವಿಯಲ್ಲಿ ಕುಂದಗೋಳ ಕಡೆಯ ಗಂಡಸೊಬ್ಬ ಚೀರುತ್ತಿದ್ದ. "ಕೂಸಿನ ಗಂಟಲದಾಗ ಶೇಂಗಾ ಸಿಕ್ಕೈತ್ರೀ ಅಕ್ಕಾರ, ಮಾರಿ ನೀಲಿ ಆಗೈತ್ರೀ!"

"ಗಾಡಿ ಹೊಂಟದ ಅಣ್ಣಾ," ಎಂದಳು ಇಂಚರ. ಒಂದು ಕೈ ಆಗಲೇ ಗಾಡಿ ಹೊರಡಿಸಿತ್ತು. "ಕೂಸಿನ್ನ ತೊಡಿ ಮ್ಯಾಲೆ ಬೋರಲ ಹಾಕ್ಕೋ. ತಲಿ ಕೆಳಗ ಇರಲಿ. ಬೆನ್ನಿನ ನಡುವ ಅಂಗೈಲೆ ಹೊಡಿ. ನಾ ಎಣಸ್ತೀನಿ, ನನ್ನ ಕೂಡ ಎಣಸು. ಒಂದು..." ಅವಳ ದನಿ ಅಡುಗೆ ಹೇಳಿಕೊಡುವವರ ದನಿಯಷ್ಟು ತಣ್ಣಗಿತ್ತು. ಐದು ಎನ್ನುವುದರೊಳಗೆ ಆ ಕಡೆಯಿಂದ ಕೂಸು ಅಳುವುದು ಕೇಳಿಸಿತು. ಗಂಡಸೂ ಅಳತೊಡಗಿದ. ಫೋನು ಇಟ್ಟ ಮೇಲೆ ಇಂಚರ ಕಿಟಕಿಯಾಚೆ ತಂತಿಯ ಮೇಲೆ ಕೂತ ಗಿಳಿಯೊಂದನ್ನು ನೋಡುತ್ತ ಕೂತಳು. ಪರದೆಯಲ್ಲಿ 'ಕರೆ ಮುಗಿಯಿತು' ಗುಂಡಿ ಕೆಂಪಗೆ ಮಿಣುಕುತ್ತಲೇ ಇತ್ತು. ಉಪಾಧ್ಯೆಯವರು ಬಗ್ಗಿ ತಾವೇ ಅದನ್ನು ಒತ್ತಿದರು.

"ಇದು ಆತಂಕ ಅಲ್ಲ," ಎಂದರು. ಹೊರಗಿನ ಚಹಾದಂಗಡಿಯಲ್ಲಿ ಕೂತು ವಿಷಯ ಹೇಳಿದರು. "ಮೊನ್ನಿ ಪರೀಕ್ಷಾದಾಗ ಮೊದಲಿಗೆ ನಿಮ್ಮ ಮನಸ್ಸು ಎಲ್ಲೆಲ್ಲೋ ಹೋಗ್ಯದ. ಪಕ್ಕಾ ಹಾರುಗವಲು. ಆಮ್ಯಾಲೆ ಒಮ್ಮಿಂದೊಮ್ಮೆಲೆ ಒಂದ ಕಡೆ. ಆ ಹೊತ್ತಿಗೆ ಏನಾತು ಅಂತ ಸಾನ್ವಿಬಾಯಿಗೆ ಕೇಳಿದೆ. ಬಾಗಲಾ ತೆರೀತು ಅಂದ್ರು."

ಇಂಚರ ಚಹಾದ ಲೋಟ ಕೆಳಗಿಟ್ಟಳು. ಅವಳಿಗೆ ಆಶ್ಚರ್ಯವಾಗಲಿಲ್ಲ ಎಂಬುದೇ ಅವಳಿಗೆ ಆಶ್ಚರ್ಯವಾಯಿತು.

ಜೊತೆಗೆ ಬಂದವರು ಕೂರುವ ಆ ಕುರ್ಚಿಯ ಕತೆಯನ್ನೂ ಅವರೇ ಹೇಳಿದರು. ಮೊದಲ ವರ್ಷ ಜಾಲರಿ ತೊಡಿಸುವವರೆಲ್ಲ ಗಂಡಸರು. ಮಬ್ಬು ಕೋಣೆಯಲ್ಲಿ ಹೆಂಗಸರೊಬ್ಬರನ್ನೇ ಕೂರಿಸುವುದು ಸರಿಯಲ್ಲ ಎಂದು ಹಿರಿಯರ ಸಮಿತಿ, ಜೊತೆಗೆ ಬಂದವರು ಒಳಗೇ ಇರಬೇಕು ಎಂದು ನಿಯಮ ಮಾಡಿತು. ಒಳ್ಳೆಯ ಉದ್ದೇಶದ ನಿಯಮ. ಗಂಡಸರಿಗೂ ಅದೇ ನಿಯಮ. ಆದರೆ ಗಂಡಸರ ಜೊತೆ ಬಂದ ಹೆಂಡಂದಿರು "ಅವರು ಆರಾಮ ಕೂಡ್ಲಿ, ನಾ ಹೊರಗಿರ್ತೀನಿ" ಎಂದು ಬುತ್ತಿ ಹಿಡಿದುಕೊಂಡು ಹೊರಗಿನ ಬೆಂಚಿನಲ್ಲಿ ಕೂರುತ್ತಿದ್ದರು. ಹೆಂಗಸರ ಜೊತೆ ಬಂದ ಗಂಡ, ಅತ್ತೆ, ಅಣ್ಣಂದಿರು ನಿಯಮವನ್ನು ಚಾಚೂ ತಪ್ಪದೆ ಪಾಲಿಸಿದರು. ಆಸ್ಪತ್ರೆಗೆ ಒಬ್ಬರೇ ಬರುವುದು ನಮ್ಮಲ್ಲಿ ಇಲ್ಲದ್ದರಿಂದ, ಆ ಕುರ್ಚಿಯೂ ಒಂದು ಸಲಕರಣೆ ಎಂದು ಯಾವ ವಿಜ್ಞಾನಿಗೂ ಹೊಳೆಯಲಿಲ್ಲ. ಅದು ಗೋಡೆಯ ಹಾಗೆ ಅಲ್ಲಿತ್ತು.

"ಹನ್ನೊಂದು ವರ್ಷ," ಎಂದರು ಉಪಾಧ್ಯೆ. "ಗಂಡಸರಾಗ ಹಾರು ಹೆಚ್ಚು, ಹೆಂಗಸರಾಗ ಅಂಜು ಹೆಚ್ಚು. ಯಾಕ ಅಂತ ನಾ ಕೇಳಲಿಲ್ಲ. ಹೆಂಗಸರ ಹಾರ್ಮೋನಿನ ಗುಣ ಅಂತ ಪ್ರಬಂಧಾ ಬರದೆ."

"ಬಹುಮಾನ ಬಂತೇನ್ರಿ?" ಇಂಚರ ಕೇಳಿದಳು.

"ಬಂತು."

ಅವಳ ಎದೆಯಲ್ಲಿ ಕಹಿ ಉಕ್ಕಿತು. ಈ ಮನುಷ್ಯನ ಪಶ್ಚಾತ್ತಾಪವನ್ನು ಕಟ್ಟಿಕೊಂಡು ತನಗೇನಾಗಬೇಕು? "ಹಂಗಾರ ನೀವ ಬರದು ಕೊಡ್ರಿ ಸರ್, ನಂದು ಹಾರು ಅಂತ."

"ನಡ್ಯೂದಿಲ್ಲವಾ. ಡಾಕ್ಟರನ ಮಾತು ಅಭಿಪ್ರಾಯ, ಯಂತ್ರದ ಮಾತು ಪುರಾವೆ ಅಂತ ಕೋರ್ಟಿನಾಗ ವಾದ ಮಾಡಿ ಗೆದ್ದಾಂವ ನಾನ." ಅವರು ತಲೆ ತಗ್ಗಿಸಿದರು. "ಕುರ್ಚಿ ಖಾಲಿ ಇಟ್ಟು ಒಂದು ವಿಶೇಷ ಪರೀಕ್ಷಾ ಮಾಡಬಹುದು. ಒಂದ ಸಲ. ಆದ್ರ ಯಜಮಾನರು ಒಪ್ಪಿ ಹೊರಗ ಕೂಡಬೇಕು. ಅವರಿಗೆ ನೀವ ಹೇಳಬೇಕಾಗ್ತದ."

ಬಸ್ಸಿನಲ್ಲಿ ಧಾರವಾಡದ ಮನೆಗೆ ಮರಳುವಾಗ ಇಂಚರಳಿಗೆ ಹಳೆಯದೊಂದು ನೀರಿನ ಬಾಟಲಿ ನೆನಪಾಯಿತು. ಗುಲಾಬಿ ಬಣ್ಣದ್ದು, ಮೇಲೆ ಚಿಟ್ಟೆಯ ಚಿತ್ರ. ಶಾಲೆಯ ಎರಡನೆಯ ಇಯತ್ತೆಯಲ್ಲಿ ಅವಳು ಕಳೆದುಕೊಂಡ ಮೂರನೆಯ ಬಾಟಲಿ ಅದು. ಗೇಟಿನಲ್ಲಿ ಅವ್ವ ನಿಂತಿದ್ದಳು. ಅವ್ವ ಬೈಯಲಿಲ್ಲ. ಬರಿಗೈ ನೋಡಿ, ಮುಖ ಚೂರೇ ಚೂರು ಬದಲಾಗಿ, "ಇರ್ಲಿ ಬಾ" ಎಂದಳು. ಮರುದಿನದಿಂದ ಇಂಚರ ಗೇಟಿಗೆ ಬರುವ ಮೊದಲೇ ಅವ್ವನ ಮುಖ ನೋಡಲು ಕಲಿತಳು. ಆಮೇಲೆ ಟೀಚರರ ಮುಖ, ಆಮೇಲೆ ಅತ್ತೆಯ ಮುಖ, ಆಮೇಲೆ ಓಂಕಾರನ ಮುಖ. ಹಾರುವ ಮನಸ್ಸನ್ನು ಹಿಡಿದು ಕಟ್ಟಿಹಾಕಲು ಅವಳಿಗೆ ಸಿಕ್ಕಿದ್ದ ಗೂಟ ಅದೊಂದೇ. ತರಗತಿಯಲ್ಲಿ ಗದ್ದಲ ಮಾಡುವ ಗಂಡುಹುಡುಗರನ್ನು ಡಾಕ್ಟರರ ಬಳಿ ಕರೆದೊಯ್ದರು. ಅವಳನ್ನು ಶಾಣ್ಯಾ ಹುಡುಗಿ, ಸ್ವಲ್ಪ ಮರೆವು ಅಷ್ಟೇ ಎಂದು ಬಿಟ್ಟರು.

ಊಟವಾದ ಮೇಲೆ ಹೇಳಿದಳು. ಓಂಕಾರ ಅವಳ ಕನ್ನಡಕವನ್ನು ಕೊಕ್ಕೆಗೆ ಸಿಗಿಸುತ್ತಿದ್ದ. ಕೈ ಅಲ್ಲೇ ನಿಂತಿತು.

"ಅಂದ್ರ ನಿನಗ ನನ್ನ ಕಂಡ್ರ ಅಂಜಿಕಿ?"

"ಅಂಜಿಕಿ ಅಲ್ರಿ."

"ನಾ ಒಂದಿನಾರ ಬೈದೀನೇನು?"

"ಬೈದಿಲ್ರಿ. ನೀವು ಹುಡುಕಿ ಕೊಡ್ತೀರಿ." ಅವಳು ಕೊಕ್ಕೆಗಳತ್ತ ಬೆರಳು ತೋರಿದಳು. "ಹುಡುಕಿ ಕೊಟ್ಟು ನಗ್ತೀರಿ. ಆ ನಗು ಯಾವಾಗ ಬರ್ತದ ಅಂತ ನಾ ದಿನಾ ಕಾಯ್ತೀನ್ರಿ."

ಅವನು ಕನ್ನಡಕವನ್ನು ಕೊಕ್ಕೆಗೆ ಸಿಗಿಸದೆ ಅವಳ ಕೈಗಿಟ್ಟ. ಆಮೇಲೆ, "ಆತು. ಹೊರಗ ಕೂಡ್ತೀನಿ," ಎಂದ. ಈ ಸಲ ನಗಲಿಲ್ಲ. ಇಪ್ಪತ್ತು ವರ್ಷದಲ್ಲಿ ಮೊದಲ ಬಾರಿ ಅವನ ಮುಖದಲ್ಲಿ ನಗು ಇಲ್ಲದ್ದನ್ನು ಕಂಡು ಇಂಚರಳಿಗೆ ಬಿಡುಗಡೆಯಾಗಬೇಕಿತ್ತು. ಆಗಲಿಲ್ಲ.

ಪರೀಕ್ಷೆಯ ದಿನ ಅವನು ಕೈಚೀಲವನ್ನೂ ಬಾಟಲಿಯನ್ನೂ ಹಿಡಿದುಕೊಂಡು, ಗಂಡಸರ ಹೆಂಡಂದಿರು ಕೂರುವ ಬೆಂಚಿನಲ್ಲಿ ಕೂತ. ಒಳಗಿನ ಕುರ್ಚಿ ಖಾಲಿ. ಸಾನ್ವಿಬಾಯಿ ಬಾಗಿಲು ಹಾಕಿದರು. ಬೂದು ಚುಕ್ಕೆ ಎಡದಿಂದ ಬಲಕ್ಕೆ ಹೊರಟಿತು.

ಅವನಿಗೆ ಬಿಸಿಲು ಬೀಳುತ್ತಿರಬಹುದು. ಚುಕ್ಕೆ ಬಲದಿಂದ ಎಡಕ್ಕೆ ಬಂತು. ಪಕ್ಕದಲ್ಲಿ ಕೂತ ಹೆಂಗಸರು ಯಾಕ್ರಿ ಹೊರಗ ಕೂತೀರಿ ಎಂದು ಕೇಳಿದರೆ ಏನು ಹೇಳುತ್ತಾನೆ? ಕನ್ನಡಕ ಈ ಸಲ ನೆನಪಿಟ್ಟು ತಂದಿದ್ದೇನೆ, ಅವನು ಗಮನಿಸಿದನೋ ಇಲ್ಲವೋ. ಕೆಮ್ಮು ಬಂದರೂ ತಡೆದುಕೊಂಡು ಕೂತಿರುತ್ತಾನೆ. ಹಾರಿಹೋಗು ಎಂದು ಇಂಚರ ತನ್ನ ಮನಸ್ಸನ್ನು ಬೇಡಿಕೊಂಡಳು. ಗಿಳಿಯ ಹತ್ತಿರ ಹೋಗು, ಕುಂದಗೋಳದ ಕೂಸಿನ ಹತ್ತಿರ ಹೋಗು. ಅದು ಬಾಗಿಲಿನಾಚೆ ಹೋಗಿ ಅವನ ಮುಖ ನೋಡಿಕೊಂಡು ಬಂತು. ಮತ್ತೆ ಹೋಯಿತು. ನಡುವೆ ಚುಕ್ಕೆ ಎಷ್ಟು ಸಲ ನೀಲಿಯಾಯಿತೋ ಅವಳು ಕಾಣಲಿಲ್ಲ.

ಅಂಜುಗವಲು. ನೂರಕ್ಕೆ ತೊಂಬತ್ತಾರು.

ಹಿಂದಿನ ಸಲ ಅವನು ಸ್ಕೂಟರಿನ ತನಕ ಹೋಗಿದ್ದ, ಕನ್ನಡಕ ಸಿಕ್ಕ ಸಮಾಧಾನದಲ್ಲಿದ್ದ, ಹಾಗಾಗಿ ಅಷ್ಟು ಹೊತ್ತು ಅವಳ ಮನಸ್ಸು ಹಾರಿತ್ತು. ಈ ಸಲ ನೊಂದುಕೊಂಡು ಬಾಗಿಲಿನ ಹೊರಗೇ ಕೂತಿದ್ದ. ಉಪಾಧ್ಯೆಯವರಿಗೆ ಅದು ಅರ್ಥವಾಗುವಷ್ಟರಲ್ಲಿ ತಡವಾಗಿತ್ತು. ಅವರು ಪರದೆಯಿಂದ ಕಣ್ಣು ತೆಗೆಯಲಿಲ್ಲ.

"ಯಂತ್ರ ಸುಳ್ಳು ಹೇಳಿಲ್ರಿ ಸರ್," ಎಂದಳು ಇಂಚರ. "ಎರಡೂ ಅದಾವ. ನಾ ಎರಡನೇ ಇಯತ್ತೆದಾಗ ಇದ್ದಾಗಿಂದ ಹಾರಿನ ಮ್ಯಾಲೆ ಅಂಜು ಬೆಳೆದದ. ನಿಮ್ಮ ಯಂತ್ರಕ್ಕ ಮ್ಯಾಲಿಂದಷ್ಟ ಕಾಣ್ತದ."

ಅವಳನ್ನು ಕಂಟ್ರೋಲ್ ರೂಮಿನಿಂದ ಉಗ್ರಾಣಕ್ಕೆ ಹಾಕಿದರು. ಆತಂಕದವರಿಗೆ ಶಾಂತವಾದ ಕೆಲಸ ಬೇಕು ಎಂಬ ಕಾಳಜಿಯಿಂದ, ಬಂದ ಡಬ್ಬಿಗಳ ಮೇಲಿನ ಅಂಕಿ ಓದಿ ಗುಂಡಿ ಒತ್ತುವ ಕೆಲಸ ಕೊಟ್ಟರು. ದಿನವಿಡೀ ಬೂದು ಚುಕ್ಕೆ. ಓಂಕಾರ ಹಲಗೆಯನ್ನು ಗೋಡೆಯಿಂದ ಕಿತ್ತುಹಾಕಿದ. ಈಗ ಅವಳು ಕೀಲಿ ಕಳೆದರೆ ಅವನು ಹುಡುಕುವುದಿಲ್ಲ, ತನಗೇನೂ ಗೊತ್ತಾಗಲಿಲ್ಲ ಎಂಬಂತೆ ಬೇರೆ ಕಡೆ ನೋಡುತ್ತಾನೆ. ಅವಳು ಆ ಬೇರೆ ಕಡೆ ನೋಡುವ ಮುಖವನ್ನು ನೋಡುತ್ತಾಳೆ.

ಉಪಾಧ್ಯೆಯವರು ಓಡಾಡಿ, ಜಗಳವಾಡಿ, ಎಲ್ಲ ಕೇಂದ್ರಗಳಿಂದಲೂ ಆ ಕುರ್ಚಿ ತೆಗೆಸಿದರು. ಎಷ್ಟೋ ಊರುಗಳಲ್ಲಿ ಪರೀಕ್ಷೆಗೆ ಬರುವ ಹೆಂಗಸರೇ ಕಡಿಮೆಯಾದರು, ನಮ್ಮನ್ನು ಒಳಗೆ ಬಿಡದ ಜಾಗಕ್ಕೆ ಯಾಕೆ ಕಳಿಸಬೇಕು ಎಂದು ಮನೆಯವರು ಹಿಂಜರಿದರು. ಬಂದವರಲ್ಲೂ ಅಂಕಿ ಬದಲಾದದ್ದು ಅಷ್ಟಕ್ಕಷ್ಟೇ. ತಮ್ಮ ಬೀಳ್ಕೊಡುಗೆಯ ದಿನ ಅವರು ಒಂದೇ ಮಾತು ಹೇಳಿ ಕೂತರು. "ಕುರ್ಚಿ ತೆಗೀಬೇಕಾಗಿದ್ದು ಆಸ್ಪತ್ರಿಯಿಂದ ಅಲ್ಲ. ತೆಗೀಬೇಕಾದ ಹೊತ್ತಿಗೆ ಆಕಿ ಎರಡನೇ ಇಯತ್ತೆದಾಗ ಇದ್ದಳು." ಯಾರೂ ಚಪ್ಪಾಳೆ ತಟ್ಟಲಿಲ್ಲ. ಯಾರ ವಿಷಯ ಎಂದು ಯಾರಿಗೂ ತಿಳಿಯಲೂ ಇಲ್ಲ.

ಆದರೆ ಇದೆಲ್ಲ ಮುಂದಿನ ಮಾತು. ಎರಡು ಸಾವಿರದ ಅರವತ್ತೊಂದರಲ್ಲಿ ಇಂಚರಳಿಗೆ ನಲವತ್ತೆರಡು. ಇವತ್ತು, ನೀವು ಇದನ್ನು ಓದುತ್ತಿರುವ ಹೊತ್ತಿಗೆ, ಅವಳಿಗೆ ಏಳೋ ಎಂಟೋ. ಶಾಲೆಯ ಗಂಟೆ ಈಗಷ್ಟೇ ಹೊಡೆದಿದೆ. ಮಕ್ಕಳೆಲ್ಲ ಕೇಕೆ ಹಾಕುತ್ತ ಗೇಟಿನತ್ತ ಓಡುತ್ತಿದ್ದಾರೆ. ಒಬ್ಬಳು ಮಾತ್ರ ಅರ್ಧ ದಾರಿಯಲ್ಲಿ ನಿಂತು ತನ್ನ ಬರಿಗೈ ನೋಡಿಕೊಂಡಿದ್ದಾಳೆ. ಬಾಟಲಿ ಎಲ್ಲೋ ಉಳಿದಿದೆ. ಅವಳು ಅದನ್ನು ಹುಡುಕಲು ಹಿಂದಕ್ಕೆ ಹೋಗುವುದಿಲ್ಲ. ತಲೆಯೆತ್ತಿ, ಗೇಟಿನಲ್ಲಿ ನಿಂತಿರುವ ನಿಮ್ಮ ಮುಖ ನೋಡುತ್ತಾಳೆ.